ವಿಜ್ಞಾನದ ಮೇಷ್ಟ್ರಾಗಿದ್ದ ಅಪ್ಪ ಮಾತ್ರೆ ಬಿಟ್ಟು ನಾಟಿ ಪುಡಿ ನಂಬಿದ್ದಾರೆ, ಏನು ಮಾಡಲಿ?

ಪ್ರಶ್ನೆ: ನಮ್ಮ ಅಪ್ಪನಿಗೆ 66 ವರ್ಷ. ಸಾಗರದ ಹತ್ತಿರ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದವರು. 9 ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ತೆಗೆದುಕೊಳ್ಳುತ್ತಿದ್ದರು. ನಾಲ್ಕು ತಿಂಗಳ ಹಿಂದೆ ಎರಡನ್ನೂ ಬಿಟ್ಟು ಒಬ್ಬ ನಾಟಿ ವೈದ್ಯರ ಪುಡಿ ಶುರು ಮಾಡಿದ್ದಾರೆ. ಇದೇ ಮನೆತನದವರು 1989ರಲ್ಲಿ ಅವರ ಕಾಮಾಲೆ ವಾಸಿ ಮಾಡಿದ್ದರಂತೆ. "ಮಾತ್ರೆಯಿಂದಲೇ ಕಿಡ್ನಿ ಹೋಗೋದು" ಅಂತಾರೆ. ದೊಡ್ಡಪ್ಪ ನಗರದ ಒಂದು ದೊಡ್ಡ ಆಸ್ಪತ್ರೆಯಲ್ಲಿ ತೀರಿಕೊಂಡರು. ಲಕ್ಷಗಟ್ಟಲೆ ಬಿಲ್ ಆಯಿತು, ಏನಾಯಿತು ಅಂತ ಯಾರೂ ಸರಿಯಾಗಿ ಹೇಳಲಿಲ್ಲ. ಅದನ್ನು ಅಪ್ಪ ಇನ್ನೂ ಮರೆತಿಲ್ಲ. ಮಂಗನ ಕಾಯಿಲೆಗೆ ಲಸಿಕೆ ಹಾಕಿಸಿಕೊಂಡಿದ್ದ ಪಕ್ಕದ ಮನೆಯವರಿಗೇ ಆ ಜ್ವರ ಬಂದಿದ್ದನ್ನೂ ಆಗಾಗ ಎತ್ತುತ್ತಾರೆ. ಹೋದ ವಾರ ಜಗಳ ಮಾಡಿ ಪರೀಕ್ಷೆ ಮಾಡಿಸಿದೆ, ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಪರೀಕ್ಷೆ) 9.8 ಬಂದಿದೆ. ಅವರು ಮಾತ್ರ "ನಾನು ಆರಾಮಾಗಿದ್ದೀನಿ" ಅನ್ನುತ್ತಾರೆ. ನಾಲ್ಕನೇ ಕ್ಲಾಸು ಓದಿದ ಅಮ್ಮ ಆಶಾ ಕಾರ್ಯಕರ್ತೆ ಹೇಳಿದ ಹಾಗೆ ಬಿಪಿ ಮಾತ್ರೆಯನ್ನು ಒಂದು ದಿನವೂ ತಪ್ಪಿಸುವುದಿಲ್ಲ. ಓದಿದವರೇ ಹೀಗೆ ಮಾಡಿದರೆ ಹೇಗೆ? ಅವರನ್ನು ಒಪ್ಪಿಸುವುದು ಹೇಗೆ? ಅವರಿಗೆ ಗೊತ್ತಾಗದ ಹಾಗೆ ಮಾತ್ರೆ ಪುಡಿ ಮಾಡಿ ಊಟದಲ್ಲಿ ಬೆರೆಸಬಹುದಾ? (34 ವರ್ಷದ ಮಗಳು, ಬೆಂಗಳೂರು)

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ, ಯಾಕಂದರೆ ಅದಕ್ಕೆ ಕಾಯುವಷ್ಟು ಸಮಯ ಇಲ್ಲ. ದಯವಿಟ್ಟು ಊಟದಲ್ಲಿ ಮಾತ್ರೆ ಬೆರೆಸಬೇಡಿ.

ಗ್ಲಿಮೆಪಿರೈಡ್ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಗೆ ತಳ್ಳುವ ಮಾತ್ರೆ. ಹೊಟ್ಟೆಗೆ ಊಟ ಬಿದ್ದಿದೆಯೋ ಇಲ್ಲವೋ, ಅದು ತನ್ನ ಕೆಲಸ ಮಾಡುತ್ತದೆ. ಅಪ್ಪ ಆ ದಿನ ಎರಡು ತುತ್ತು ತಿಂದು ಎದ್ದರೆ, ಅಥವಾ ಏಕಾದಶಿ ಅಂತ ರಾತ್ರಿ ಊಟ ಬಿಟ್ಟರೆ, ಸಕ್ಕರೆ ತೀರಾ ಇಳಿದುಬಿಡಬಹುದು. ಮಾತ್ರೆ ತಗೊಂಡಿದ್ದೇನೆ ಅಂತ ಗೊತ್ತಿರುವವರು ಬೆವರು, ನಡುಕ ಬಂದ ಕೂಡಲೇ ಸಕ್ಕರೆ ಬಾಯಿಗೆ ಹಾಕಿಕೊಳ್ಳುತ್ತಾರೆ. ಗೊತ್ತಿಲ್ಲದವರು ಸುಸ್ತು ಅಂತ ಹೋಗಿ ಮಲಗುತ್ತಾರೆ. ಅಪಾಯ ಇರುವುದು ಅಲ್ಲೇ. ಇನ್ನೊಂದು ವಿಷಯ: ಮಾರಾಟಕ್ಕಿರುವ ಕೆಲವು "ಗಿಡಮೂಲಿಕೆ" ಸಕ್ಕರೆ ಔಷಧಿಗಳಲ್ಲಿ ಗ್ಲಿಬೆನ್‌ಕ್ಲಮೈಡ್ ಅನ್ನುವ ಅಲೋಪತಿ ಮಾತ್ರೆಯನ್ನೇ ಬೆರೆಸಿರುವುದು ಪ್ರಯೋಗಾಲಯಗಳಲ್ಲಿ ಎಷ್ಟೋ ಸಲ ಸಿಕ್ಕಿದೆ. ಅದೂ ಇದೇ ಗುಂಪಿನ ಮಾತ್ರೆ. ಅಪ್ಪನ ಪುಡಿಯಲ್ಲಿ ಏನಿದೆ ಅಂತ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಅದರ ಮೇಲೆ ಇದನ್ನೂ ಸೇರಿಸಿದರೆ ಒಂದೇ ಔಷಧಿ ಎರಡು ಸಲ ಹೊಟ್ಟೆಗೆ ಹೋದಂತೆ ಆಗಬಹುದು.

ಮತ್ತೆ, ಇಂಥದ್ದು ಒಂದಲ್ಲ ಒಂದು ದಿನ ಗೊತ್ತಾಗಿಯೇ ಆಗುತ್ತದೆ. ಆಮೇಲೆ ಅವರು ಡಾಕ್ಟರನ್ನು ಮಾತ್ರ ಅಲ್ಲ, ಮನೆಯ ಊಟವನ್ನೂ ಅನುಮಾನದಿಂದ ನೋಡುತ್ತಾರೆ.

ಈಗ ದೊಡ್ಡ ಪ್ರಶ್ನೆಗೆ ಬರೋಣ. ಓದಿದ ಮನುಷ್ಯ ಯಾಕೆ ಹೀಗೆ? ನಾನು ಬಹಳ ವರ್ಷ ಮಲೆನಾಡಿನ ತಾಲ್ಲೂಕು ಆಸ್ಪತ್ರೆಯಲ್ಲಿ ಕೆಲಸ ಮಾಡಿದವಳು. ನಿಮ್ಮ ಅಪ್ಪನಂಥ ಮೇಷ್ಟ್ರುಗಳು, ಬ್ಯಾಂಕ್ ಮ್ಯಾನೇಜರುಗಳು, ನಿವೃತ್ತ ತಹಸೀಲ್ದಾರರು ನನ್ನ ಎದುರು ಕೂತು ಇದೇ ಮಾತು ಆಡಿದ್ದಾರೆ. ಇವರ್ಯಾರೂ ದಡ್ಡರಲ್ಲ. ತಾವು ಕಣ್ಣಾರೆ ಕಂಡಿದ್ದನ್ನು ನಂಬಿದ್ದಾರೆ. ತೊಂದರೆ ಏನಂದರೆ, ಕೆಲವು ಕಾಯಿಲೆಗಳಲ್ಲಿ ಕಣ್ಣಾರೆ ಕಂಡಿದ್ದು ದಾರಿ ತಪ್ಪಿಸುತ್ತದೆ.

1989ರ ಕಾಮಾಲೆಯನ್ನೇ ತಗೊಳ್ಳಿ. ನಮ್ಮ ಕಡೆ ಬರುವ ಕಾಮಾಲೆಯಲ್ಲಿ ಹೆಪಟೈಟಿಸ್ ಎ ಬಹಳ ಸಾಮಾನ್ಯ. ಕೊಳಕು ನೀರಿನಿಂದ ಬರುವ ವೈರಸ್. ಇದಕ್ಕೆ ಅಂತ ಪ್ರತ್ಯೇಕ ಔಷಧಿ ನಮ್ಮ ಹತ್ತಿರವೂ ಇಲ್ಲ, ಬೇಕಾಗಿಯೂ ಇಲ್ಲ. ಹೆಚ್ಚಿನವರಲ್ಲಿ ಕೆಲವು ವಾರಗಳಿಂದ ಎರಡು ತಿಂಗಳೊಳಗೆ ತಾನಾಗಿಯೇ ವಾಸಿಯಾಗುತ್ತದೆ. ಕಣ್ಣು ಹಳದಿಯಾಗಿ, ಅನ್ನ ಸೇರದೆ, ಹೆದರಿ ವೈದ್ಯರ ಹತ್ತಿರ ಹೋಗುವ ಹೊತ್ತಿಗೆ ಕಾಯಿಲೆ ಅರ್ಧ ದಾರಿ ದಾಟಿರುತ್ತದೆ. ಅವರು ಮೂರು ದಿನ ಬೆಳಿಗ್ಗೆ ಸೊಪ್ಪಿನ ರಸ ಕೊಡುತ್ತಾರೆ, ಎಣ್ಣೆ ಖಾರ ಬಿಡಿ, ಮಲಗಿ ಅನ್ನುತ್ತಾರೆ. ಎರಡು ವಾರದಲ್ಲಿ ಕಣ್ಣು ಬೆಳ್ಳಗಾಗುತ್ತದೆ. ಈ ಅನುಭವ ಆದವರಿಗೆ ನಾನು ಏನು ಹೇಳಿದರೂ ಆ ಸೊಪ್ಪಿನ ರಸಕ್ಕಿಂತ ಜಾಸ್ತಿ ತೂಗುವುದಿಲ್ಲ.

ಸರ್ಪಸುತ್ತು ಕೂಡ ಹಾಗೇ. ಕೆಮ್ಮಣ್ಣು ಹಚ್ಚಿದರೂ ಬಿಟ್ಟರೂ ಗುಳ್ಳೆಗಳು ಎರಡರಿಂದ ನಾಲ್ಕು ವಾರದಲ್ಲಿ ಒಣಗುತ್ತವೆ. ಹಾವು ಕಚ್ಚಿದವರಿಗೆ ಮಂತ್ರ ಹಾಕಿ ಬದುಕಿಸಿದ ಕಥೆ ಪ್ರತಿ ಊರಿನಲ್ಲೂ ಇದೆ, ಯಾಕಂದರೆ ಕಚ್ಚುವ ಹಾವುಗಳಲ್ಲಿ ಹೆಚ್ಚಿನವು ವಿಷವಿಲ್ಲದವು. ವಿಷದ ಹಾವು ಕೂಡ ಕೆಲವು ಸಲ ವಿಷ ಬಿಡದೆ ಕಚ್ಚುತ್ತದೆ. ಬದುಕಿದವರು ಊರೂರಿಗೆ ಹೇಳುತ್ತಾರೆ, ಸತ್ತವರು ಹೇಳಲಾರರು. ಮುರಿದ ಮೂಳೆಗೆ ಪುತ್ತೂರು ಕಟ್ಟು ಕಟ್ಟಿಸಿಕೊಂಡು ಸರಿಹೋದವರೂ ಬೇಕಾದಷ್ಟು ಇದ್ದಾರೆ. ಅಲ್ಲಾಡಿಸದೆ ಕಟ್ಟಿಟ್ಟರೆ ಮೂಳೆ ತಾನೇ ಕೂಡುವ ವಸ್ತು. ಕೆಲವು ಕಟ್ಟುಗಾರರ ಕೈ ನಿಜಕ್ಕೂ ಚೆನ್ನಾಗಿರುತ್ತದೆ, ಅದನ್ನು ಒಪ್ಪಿಕೊಳ್ಳಲು ನನಗೆ ಸಂಕೋಚ ಇಲ್ಲ.

ಈಗ ಸಕ್ಕರೆ ಕಾಯಿಲೆ ನೋಡಿ. ಇಲ್ಲಿ ಎಲ್ಲವೂ ತಲೆಕೆಳಗು. ಇದು ತಾನಾಗಿ ವಾಸಿಯಾಗುವುದಿಲ್ಲ, ಆದರೆ ವರ್ಷಗಟ್ಟಲೆ ನೋವೂ ಕೊಡುವುದಿಲ್ಲ. 9.8 ಅಂದರೆ ಕಳೆದ ಎರಡು ಮೂರು ತಿಂಗಳಲ್ಲಿ ಅವರ ರಕ್ತದ ಸಕ್ಕರೆ ಸರಾಸರಿ 235ರ ಆಸುಪಾಸಿನಲ್ಲಿದೆ. ಆ ಮಟ್ಟದಲ್ಲೂ ಮನುಷ್ಯ ತೋಟಕ್ಕೆ ಹೋಗಿ ಬರಬಹುದು, ಪೇಪರ್ ಓದಬಹುದು, "ಆರಾಮಾಗಿದ್ದೀನಿ" ಅನ್ನಬಹುದು. ಅವರು ಸುಳ್ಳು ಹೇಳುತ್ತಿಲ್ಲ. ಕಣ್ಣಿನ ಹಿಂದಿನ ಪರದೆಯ ಸಣ್ಣ ರಕ್ತನಾಳಗಳು, ಕಿಡ್ನಿಯ ಸೋಸುವ ಜಾಲ, ಪಾದದ ನರಗಳು ಹಾಳಾಗುವಾಗ ಸದ್ದು ಮಾಡುವುದಿಲ್ಲ. ಇನ್ನೊಂದು ಕಡೆ, ಮಾತ್ರೆ ಬಿಟ್ಟ ಕೂಡಲೇ ಒಳ್ಳೆಯದೂ ಆಗಿರುತ್ತದೆ! ಮೆಟ್‌ಫಾರ್ಮಿನ್‌ನಿಂದ ಹೊಟ್ಟೆ ಉಬ್ಬರ, ಭೇದಿ ಆಗುತ್ತಿದ್ದರೆ ಅದು ನಿಂತಿರುತ್ತದೆ. ಅಂದರೆ ಔಷಧಿಯ ಕಷ್ಟ ಇವತ್ತೇ ಗೊತ್ತಾಗುತ್ತದೆ, ಅದರ ಲಾಭ ಗೊತ್ತಾಗುವುದೇ ಇಲ್ಲ. ಬರಬೇಕಾಗಿದ್ದ ಕುರುಡು ಬರಲಿಲ್ಲ ಅಂತ ಯಾರಿಗೆ ತಾನೇ ಅನುಭವಕ್ಕೆ ಬರುತ್ತದೆ?

ಪುಡಿಯ ಜೊತೆ ಪಥ್ಯ ಹೇಳಿದ್ದಾರಾ ಕೇಳಿ. ಹೆಚ್ಚಿನ ನಾಟಿ ವೈದ್ಯರು ಹೇಳುತ್ತಾರೆ. ಸಿಹಿ ಬಿಡಿ, ರಾತ್ರಿ ಅನ್ನ ಬಿಡಿ, ಬೆಳಿಗ್ಗೆ ನಡೆಯಿರಿ. ಪಥ್ಯ ಒಂದರಿಂದಲೇ ಸಕ್ಕರೆ ಸ್ವಲ್ಪ ಇಳಿಯುತ್ತದೆ. ಮೊದಲ ತಿಂಗಳು ಇಳಿದಿದ್ದನ್ನು ನೋಡಿ ಪುಡಿಯ ಮೇಲೆ ನಂಬಿಕೆ ಕೂತುಬಿಡುತ್ತದೆ, ಆಮೇಲೆ ಪಥ್ಯ ಸಡಿಲವಾಗಿ ಏರಿದಾಗ ತಪ್ಪು ಪಥ್ಯದ್ದು, ಪುಡಿಯದ್ದಲ್ಲ.

ಮಂಗನ ಕಾಯಿಲೆ ಲಸಿಕೆಯ ವಿಷಯ ನೀವು ಬರೆದಿದ್ದು ನನಗೆ ತುಂಬಾ ಮುಖ್ಯ ಅನ್ನಿಸಿತು. ಬೆಂಗಳೂರಿನಲ್ಲಿ ಕೂತವರಿಗೆ ಇದು ಮೂಢನಂಬಿಕೆ ಥರ ಕೇಳಿಸಬಹುದು. ಅಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುವುದನ್ನು ನೋಡಿ ಈ ಕಾಯಿಲೆ ಗುರುತಿಸಿದರು. ಉಣ್ಣೆ ಅನ್ನುವ ರಕ್ತ ಹೀರುವ ಹುಳದಿಂದ ಹರಡುತ್ತದೆ, ಬಂದವರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಸಾಯುತ್ತಾರೆ. ಲಸಿಕೆ ಇತ್ತು, ಆದರೆ ಎರಡು ಡೋಸ್ ಹಾಕಿಸಿಕೊಂಡರೆ ರಕ್ಷಣೆ ಸುಮಾರು 62 ಶೇಕಡ, ಬೂಸ್ಟರ್ ಸೇರಿಸಿದರೆ ಸುಮಾರು 83 ಶೇಕಡ ಅಂತ 2005ರಿಂದ 2010ರವರೆಗಿನ ಮಾಹಿತಿ ನೋಡಿದ ಅಧ್ಯಯನವೇ ಹೇಳಿತು. ಬೂಸ್ಟರ್ ಮತ್ತೆ ಮತ್ತೆ ಹಾಕಿಸಬೇಕಿತ್ತು. ಸೂಜಿ ಹಾಕಿದ ಜಾಗ ಉರಿಯುತ್ತಿತ್ತು, ತೋಟದ ಕೆಲಸ ಬಿಟ್ಟು ಬರಬೇಕಿತ್ತು, ಜನ ಒಂದೋ ಎರಡೋ ಹಾಕಿಸಿಕೊಂಡು ಬಿಟ್ಟರು. 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಕಾಯಿಲೆ ಎದ್ದಾಗ ಲಸಿಕೆ ಹಾಕಿಸಿಕೊಂಡವರಿಗೂ ಜ್ವರ ಬಂತು. ಕೊನೆಗೆ ಲಸಿಕೆಯ ಶಕ್ತಿಯೇ ಸಾಲುತ್ತಿಲ್ಲ ಅಂತ 2022ರಲ್ಲಿ ಅದನ್ನು ಕೊಡುವುದನ್ನೇ ನಿಲ್ಲಿಸಿದರು.

ಅಂದರೆ ಆ ವಿಷಯದಲ್ಲಿ ನಿಮ್ಮ ಅಪ್ಪನ ಅನುಮಾನಕ್ಕೆ ಆಧಾರ ಇತ್ತು. ಅವರು ನೋಡಿದ್ದು ನಿಜ. "ಹಾಕಿಸಿಕೊಳ್ಳಿ, ಏನೂ ಆಗಲ್ಲ" ಅಂತ ಹೇಳುವ ಬದಲು, "ಇದು ಹತ್ತರಲ್ಲಿ ಆರು ಜನರನ್ನು ಕಾಯುತ್ತದೆ, ಬೂಸ್ಟರ್ ಹಾಕಿಸಿದರೆ ಎಂಟು, ಆದ್ದರಿಂದ ಕಾಡಿಗೆ ಹೋಗುವಾಗ ಉಣ್ಣೆ ಕಚ್ಚದಂತೆ ತಡೆಯುವ ಎಣ್ಣೆಯನ್ನೂ ಹಚ್ಚಿಕೊಳ್ಳಿ" ಅಂತ ಮೊದಲೇ ಬಿಡಿಸಿ ಹೇಳಿದ್ದರೆ, ಪಕ್ಕದ ಮನೆಯವರಿಗೆ ಜ್ವರ ಬಂದಾಗ ಅವರಿಗೆ ಮೋಸ ಹೋದ ಹಾಗೆ ಅನ್ನಿಸುತ್ತಿರಲಿಲ್ಲ. ಇದನ್ನು ನಾನು ನಮ್ಮ ಇಲಾಖೆಯ ಸಭೆಗಳಲ್ಲೂ ಹೇಳುತ್ತಾ ಬಂದಿದ್ದೇನೆ. ಪೂರ್ತಿ ಭರವಸೆ ಕೊಟ್ಟು ಅರ್ಧ ಫಲ ಬಂದರೆ, ಜನ ಮುಂದಿನ ಸಲ ಇಡೀ ಮಾತನ್ನೇ ಬಿಡುತ್ತಾರೆ.

ದೊಡ್ಡಪ್ಪನ ಸಾವೂ ಇದೇ ಲೆಕ್ಕಕ್ಕೆ ಸೇರುತ್ತದೆ. ಅವರನ್ನು ಉಳಿಸಲು ಸಾಧ್ಯವಿತ್ತಾ ಇಲ್ಲವಾ ಅನ್ನುವುದು ಬೇರೆ ಪ್ರಶ್ನೆ. ಯಾರಾದರೂ ಅರ್ಧ ಗಂಟೆ ಕೂರಿಸಿಕೊಂಡು ಹೀಗಾಯಿತು ಅಂತ ಹೇಳಿದ್ದರೆ ನಿಮ್ಮ ಅಪ್ಪ ಇವತ್ತು ಬೇರೆ ಥರ ಯೋಚಿಸುತ್ತಿದ್ದರೇನೋ. ಡಾಕ್ಟರುಗಳು ರೋಗಿಗೆ ಎಷ್ಟು ಹೊತ್ತು ಕೊಡುತ್ತಾರೆ ಅಂತ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ನೋಡಿದ ಒಂದು ಲೆಕ್ಕ 2017ರಲ್ಲಿ ಬಂತು. ನಮ್ಮ ದೇಶದಲ್ಲಿ ಸುಮಾರು 2 ನಿಮಿಷ. ಎರಡು ನಿಮಿಷದಲ್ಲಿ ಚೀಟಿ ಬರೆಯಬಹುದು. ನಾಟಿ ವೈದ್ಯರು ಜಗಲಿಯ ಮೇಲೆ ಕೂರಿಸಿ, ಬೆಲ್ಲ ನೀರು ಕೊಟ್ಟು, ಅಪ್ಪನ ಹೆಸರು ಹಿಡಿದು ಮಾತಾಡಿಸಿ, ಎಲ್ಲಿ ಉರಿ, ರಾತ್ರಿ ಎಷ್ಟು ಸಲ ಏಳುತ್ತೀರಿ ಅಂತ ಕೇಳುತ್ತಾರೆ. ಆ ಒಂದು ವಿಷಯದಲ್ಲಿ ಅವರು ನಮಗಿಂತ ಮುಂದೆ ಇದ್ದಾರೆ.

ಓದಿನ ವಿಷಯ. ಓದು ಜಾಸ್ತಿಯಾದ ಹಾಗೆ ಡಾಕ್ಟರ ಮೇಲೆ, ವಿಜ್ಞಾನದ ಮೇಲೆ ನಂಬಿಕೆ ಜಾಸ್ತಿಯಾಗುತ್ತದೆ ಅಂತ ನಾವೆಲ್ಲ ಅಂದುಕೊಂಡಿದ್ದೇವೆ ಅಲ್ವಾ? ಅದು ಅಷ್ಟು ಸರಳ ಅಲ್ಲ. 2018ರಲ್ಲಿ ವೆಲ್‌ಕಮ್ ಸಂಸ್ಥೆ 140ಕ್ಕೂ ಹೆಚ್ಚು ದೇಶಗಳಲ್ಲಿ ಒಂದು ದೊಡ್ಡ ಸಮೀಕ್ಷೆ ಮಾಡಿಸಿತು. ಲಸಿಕೆ ಸುರಕ್ಷಿತ ಅಂತ ಒಪ್ಪದವರು ಅತಿ ಹೆಚ್ಚು ಇದ್ದಿದ್ದು ಫ್ರಾನ್ಸ್‌ನಲ್ಲಿ, ಮೂವರಲ್ಲಿ ಒಬ್ಬರು. ಲೂಯಿ ಪಾಶ್ಚರ್ ಹುಟ್ಟಿದ ದೇಶ ಅದು. ಬಾಂಗ್ಲಾದೇಶದಲ್ಲಿ, ರುವಾಂಡಾದಲ್ಲಿ ಬಹುತೇಕ ಎಲ್ಲರೂ ನಂಬುತ್ತಿದ್ದರು. ಅಲ್ಲಿ ದಡಾರದಿಂದ ಮಕ್ಕಳು ಸತ್ತಿದ್ದನ್ನು ನೋಡಿದ ತಾಯಂದಿರು ಇನ್ನೂ ಇದ್ದಾರೆ.

ಓದು ಎರಡು ಕೆಲಸ ಮಾಡುತ್ತದೆ. ಒಂದು, ವಿಷಯ ತಿಳಿಸುತ್ತದೆ. ಇನ್ನೊಂದು, ನಾನೇ ನೋಡಿ ತೀರ್ಮಾನ ಮಾಡಬಲ್ಲೆ ಅನ್ನುವ ಧೈರ್ಯ ಕೊಡುತ್ತದೆ. ನಿಮ್ಮ ಅಪ್ಪ ಜೀವನಪೂರ್ತಿ ಮಕ್ಕಳಿಗೆ "ಯಾರೋ ಹೇಳಿದರು ಅಂತ ಒಪ್ಪಬೇಡಿ, ಪ್ರಯೋಗ ಮಾಡಿ ನೋಡಿ" ಅಂತ ಕಲಿಸಿದವರು ಇರಬೇಕು. ಈಗ ಅದನ್ನೇ ತಮ್ಮ ಮೈಮೇಲೆ ಮಾಡುತ್ತಿದ್ದಾರೆ. ಮಾತ್ರೆಯ ಜೊತೆ ಬರುವ ಸಣ್ಣಕ್ಷರದ ಕಾಗದವನ್ನು ಪೂರ್ತಿ ಓದುವವರು ಯಾರು? ಅವರಂಥವರೇ. ಅದರಲ್ಲಿ ಅಡ್ಡ ಪರಿಣಾಮಗಳ ಉದ್ದ ಪಟ್ಟಿ ಇರುತ್ತದೆ. ಪುಡಿಯ ಪೊಟ್ಟಣದ ಜೊತೆ ಯಾವ ಕಾಗದವೂ ಬರುವುದಿಲ್ಲ, ಅದಕ್ಕೇ ಅದು ನಿರಪಾಯ ಅನ್ನಿಸುತ್ತದೆ.

ಅಮ್ಮನ ನಂಬಿಕೆಯೂ ಬಿಪಿ ಬಗ್ಗೆ ಓದಿ ಬಂದಿದ್ದಲ್ಲ. ಆಶಾ ಕಾರ್ಯಕರ್ತೆ ಅದೇ ಊರಿನವರು, ನಿಮ್ಮ ಮನೆಯ ಬಾಣಂತನ, ಮಕ್ಕಳ ಲಸಿಕೆ ಎಲ್ಲಕ್ಕೂ ಬಂದವರು. ಆ ಮನುಷ್ಯಳ ಮೇಲಿನ ನಂಬಿಕೆ ಮಾತ್ರೆಗೆ ಸಿಕ್ಕಿದೆ. ನೀವು ಬೇಜಾರು ಮಾಡಿಕೊಳ್ಳುವುದಿಲ್ಲ ಅಂದರೆ ಹೇಳುತ್ತೇನೆ, ನಿಮ್ಮದೂ ಹಾಗೆಯೇ. ಮೆಟ್‌ಫಾರ್ಮಿನ್ ಬಗ್ಗೆ ನಡೆದ ಸಂಶೋಧನೆಗಳನ್ನು ನೀವು ಕೂತು ಓದಿರಲಾರಿರಿ. ನಿಮ್ಮ ಜೊತೆ ಓದಿದವರು, ಕೆಲಸ ಮಾಡುವವರು ನಂಬುವುದನ್ನು ನೀವೂ ನಂಬಿದ್ದೀರಿ. ನಿಮ್ಮ ನಂಬಿಕೆ ಸರಿಯಾದ ಕಡೆ ಇದೆ, ಒಳ್ಳೆಯದೇ. ಆದರೆ ಅದು ಬಂದ ದಾರಿ ಅಪ್ಪನದಕ್ಕಿಂತ ತೀರಾ ಬೇರೆ ಅಲ್ಲ. ಇದು ಮನಸ್ಸಿನಲ್ಲಿದ್ದರೆ ಮುಂದಿನ ಮಾತುಕತೆಯ ದನಿ ತಾನಾಗಿ ಬದಲಾಗುತ್ತದೆ.

ಇನ್ನು ಅಪ್ಪನ ಮಾತುಗಳಲ್ಲಿ ಯಾವುದು ಸರಿ, ಯಾವುದು ತಪ್ಪು.

"ಮಾತ್ರೆಯಿಂದ ಕಿಡ್ನಿ ಹೋಗುತ್ತದೆ." ತಪ್ಪು, ಆದರೆ ಈ ನಂಬಿಕೆ ಎಲ್ಲಿಂದ ಬಂತು ಅಂತ ನೋಡಿ. ಹತ್ತು ಹದಿನೈದು ವರ್ಷ ಮಾತ್ರೆ ತಿಂದವರಿಗೆ ಕಿಡ್ನಿ ಹೋಗಿದ್ದನ್ನು ಎಲ್ಲರೂ ನೋಡಿದ್ದಾರೆ. ಕಿಡ್ನಿ ಕೆಟ್ಟ ಮೇಲೆ ಡಾಕ್ಟರೇ ಮೆಟ್‌ಫಾರ್ಮಿನ್ ನಿಲ್ಲಿಸಿದ್ದನ್ನೂ ನೋಡಿದ್ದಾರೆ. ಎರಡನ್ನೂ ಜೋಡಿಸಿದರೆ ಯಾರಿಗಾದರೂ ಹಾಗೇ ಅನ್ನಿಸುತ್ತದೆ. ಕಿಡ್ನಿ ಕೆಡಿಸಿದ್ದು ಹಿಡಿತಕ್ಕೆ ಬಾರದ ಸಕ್ಕರೆ ಮತ್ತು ಬಿಪಿ. ಮೆಟ್‌ಫಾರ್ಮಿನ್ ದೇಹದಿಂದ ಹೊರಗೆ ಹೋಗುವುದು ಕಿಡ್ನಿ ಮೂಲಕ, ಹಾಗಾಗಿ ಕಿಡ್ನಿ ಮೊದಲೇ ಸೋತಿದ್ದರೆ ಅದು ಒಳಗೇ ಉಳಿಯುತ್ತದೆ ಅಂತ ಡೋಸ್ ಇಳಿಸುತ್ತೇವೆ, ತೀರಾ ಸೋತಿದ್ದರೆ ನಿಲ್ಲಿಸುತ್ತೇವೆ. "ಇನ್ಸುಲಿನ್ ಶುರು ಮಾಡಿದ ಮೇಲೆ ಹೋಗಿಬಿಟ್ಟರು" ಅನ್ನುವ ಮಾತಿನ ಹಿಂದೆಯೂ ಇದೇ ಇದೆ. ಇನ್ಸುಲಿನ್ ಕೊಡುವ ಹೊತ್ತಿಗೆ ಕಾಯಿಲೆ ಬಹಳ ಮುಂದೆ ಹೋಗಿರುತ್ತದೆ.

"ಅದು ಬರೀ ಕೆಮಿಕಲ್, ಇದು ಗಿಡ." ಮೆಟ್‌ಫಾರ್ಮಿನ್‌ನ ಬೇರು ಇರುವುದೂ ಗಿಡದಲ್ಲೇ. ಯುರೋಪಿನಲ್ಲಿ ಅತಿ ಮೂತ್ರಕ್ಕೆ ಕೊಡುತ್ತಿದ್ದ ಗಲೇಗಾ ಅನ್ನುವ ಗಿಡದಲ್ಲಿ ಸಕ್ಕರೆ ಇಳಿಸುವ ಅಂಶ ಇತ್ತು, ಅದು ಹಾಗೇ ಕೊಟ್ಟರೆ ವಿಷ. ಅದರ ಜಾಡು ಹಿಡಿದು, ವಿಷ ಕಡಿಮೆ ಇರುವ ರೂಪ ಹುಡುಕಿ, 1957ರಲ್ಲಿ ಫ್ರಾನ್ಸ್‌ನ ವೈದ್ಯರು ಮೆಟ್‌ಫಾರ್ಮಿನ್ ಅನ್ನು ಸಕ್ಕರೆ ಕಾಯಿಲೆಗೆ ಕೊಟ್ಟ ಫಲ ಪ್ರಕಟಿಸಿದರು. ವಿಜ್ಞಾನದ ಮೇಷ್ಟ್ರಿಗೆ ಈ ಕಥೆ ಇಷ್ಟವಾಗಬಹುದು, ಹೇಳಿ ನೋಡಿ.

"ನಾಟಿ ಔಷಧಿಗೆ ಅಡ್ಡ ಪರಿಣಾಮ ಇಲ್ಲ." ಇದು ಅಪಾಯದ ಮಾತು. 2008ರಲ್ಲಿ ಅಮೆರಿಕದ ಸಂಶೋಧಕರು ಇಂಟರ್‌ನೆಟ್‌ನಲ್ಲಿ ಮಾರುವ 193 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿದಾಗ ಐದರಲ್ಲಿ ಒಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. ಎಲ್ಲ ಆಯುರ್ವೇದವೂ ಹೀಗೆ ಅಂತ ನಾನು ಹೇಳುವುದಿಲ್ಲ. ಪರವಾನಗಿ ಇರುವ ಕಂಪನಿಯ ಔಷಧಿಯ ಮೇಲೆ ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್ ಇರಲೇಬೇಕು. ಪೇಪರಿನಲ್ಲಿ ಕಟ್ಟಿಕೊಟ್ಟ ಪುಡಿಗೆ ಅದ್ಯಾವುದೂ ಇಲ್ಲ. ಸಕ್ಕರೆ ಕಾಯಿಲೆ ವಾಸಿ ಮಾಡುತ್ತೇನೆ ಅಂತ ಜಾಹೀರಾತು ಕೊಡುವುದನ್ನು 1954ರ ಕಾಯ್ದೆ ನಿಷೇಧಿಸಿದೆ. ಯಾರಾದರೂ ಬೋರ್ಡ್ ಹಾಕಿ ಹಾಗೆ ಹೇಳುತ್ತಿದ್ದರೆ ಅಷ್ಟು ಸಾಕು, ಅಲ್ಲಿಂದ ಎದ್ದು ಬರಬೇಕು.

"ಮಾತ್ರೆ ಇಲ್ಲದೆಯೂ ಸಕ್ಕರೆ ಸರಿಹೋಗುತ್ತದೆ." ಇದರಲ್ಲಿ ಸ್ವಲ್ಪ ನಿಜ ಇದೆ, ಮುಚ್ಚಿಡಬೇಡಿ. ಕಾಯಿಲೆ ಬಂದು ಆರು ವರ್ಷದೊಳಗಿನ, ದಪ್ಪ ಇದ್ದ ರೋಗಿಗಳ ಮೇಲೆ ಬ್ರಿಟನ್ನಿನಲ್ಲಿ ನಡೆದ ಅಧ್ಯಯನದಲ್ಲಿ ಬಿಗಿಯಾದ ಆಹಾರ ಕ್ರಮದಿಂದ ತೂಕ ಇಳಿಸಿದವರಲ್ಲಿ 46 ಶೇಕಡ ಜನ ಒಂದು ವರ್ಷಕ್ಕೆ ಮಾತ್ರೆ ಇಲ್ಲದೆ ಹಿಡಿತಕ್ಕೆ ಬಂದರು. 2017ರಲ್ಲಿ ಬಂದ ಫಲಿತಾಂಶ ಇದು. ಆದರೆ ಅಲ್ಲಿ ಕೆಲಸ ಮಾಡಿದ್ದು ತೂಕ ಇಳಿದಿದ್ದು, ಜೊತೆಗೆ ಡಾಕ್ಟರ ನಿಗಾ ಇತ್ತು. ಅಪ್ಪನಿಗೆ ಒಂಬತ್ತು ವರ್ಷ ಆಗಿದೆ, 9.8 ಇದೆ. ಅವರು ಆ ದಾರಿಯಲ್ಲಿ ಇಲ್ಲ.

ಈಗ ಏನು ಮಾಡಬಹುದು.

ಹೆದರಿಸುವುದು, ಕಾಲು ಕತ್ತರಿಸುತ್ತಾರೆ ಅಂತ ವಿಡಿಯೋ ತೋರಿಸುವುದು ಸುಲಭ. ಕೆಲವರಲ್ಲಿ ಒಂದೆರಡು ವಾರ ಕೆಲಸ ಮಾಡುತ್ತದೆ. ನಿಮ್ಮ ಅಪ್ಪನಂಥವರು ಅದಕ್ಕೆ ಎದುರಾಗಿ ಇನ್ನೊಂದು ವಿಡಿಯೋ ಹುಡುಕುತ್ತಾರೆ.

ನನ್ನ ಅನುಭವದಲ್ಲಿ ಹೆಚ್ಚು ಫಲ ಕೊಟ್ಟಿದ್ದು, ಕಾಣದ್ದನ್ನು ಕಾಣುವ ಹಾಗೆ ಮಾಡುವುದು. ನನ್ನ ಮೇಜಿನ ಡ್ರಾಯರಿನಲ್ಲಿ ಒಂದು ನೈಲಾನ್ ಎಳೆ ಇದೆ, ಮೀನಿನ ಗಾಳದ ದಾರದಷ್ಟು ದಪ್ಪ, ಬಾಗುವಷ್ಟು ಒತ್ತಿದರೆ ಹತ್ತು ಗ್ರಾಂ ಭಾರ ಬೀಳುತ್ತದೆ. ರೋಗಿಯನ್ನು ಮಲಗಿಸಿ, ಮೊದಲು ಅವರ ಕೈ ಮೇಲೆ ಒತ್ತಿ ತೋರಿಸುತ್ತೇನೆ, ಹೀಗೆ ಗೊತ್ತಾಗುತ್ತೆ ನೋಡಿ ಅಂತ. ಆಮೇಲೆ ಕಣ್ಣು ಮುಚ್ಚಿಸಿ ಪಾದಕ್ಕೆ ಬರುತ್ತೇನೆ. ಹೆಬ್ಬೆರಳಿನ ಕೆಳಗೆ, ಕಿರುಬೆರಳಿನ ಬುಡದಲ್ಲಿ, "ಮುಟ್ಟಿದಾಗ ಹೇಳಿ". ಕಾಫಿ ತೋಟದ ಒಬ್ಬ ಯಜಮಾನರು ಹೀಗೇ ಮಲಗಿದ್ದರು. ಎಡಗಾಲು ಮುಗಿಸಿ ಬಲಗಾಲು ಮುಗಿಸಿದ ಮೇಲೆ ಅವರು "ಶುರು ಮಾಡಿ ಡಾಕ್ಟ್ರೇ" ಅಂದರು. ಪಕ್ಕದಲ್ಲಿ ನಿಂತಿದ್ದ ಹೆಂಡತಿ ಎಲ್ಲ ನೋಡಿದ್ದರು. ಅವರು ಆಗ ಎದ್ದು ಕೂತು ತಮ್ಮ ಪಾದವನ್ನು ತಾವೇ ಚಿವುಟಿ ನೋಡಿಕೊಂಡರು. ಅದಕ್ಕಿಂತ ಮೊದಲು ನಾನು ಎಷ್ಟು ಅಂಕಿ ಹೇಳಿದ್ದರೂ ಅವರಿಗೆ ತಟ್ಟಿರಲಿಲ್ಲ. ಕಣ್ಣಿನ ಪರದೆಯ ಫೋಟೋ ಕೂಡ ಹಾಗೇ. ರಕ್ತ ಸೋರಿದ ಚುಕ್ಕೆಯನ್ನು ಪರದೆಯ ಮೇಲೆ ತೋರಿಸಿ, ಪಕ್ಕದಲ್ಲಿ ಆರೋಗ್ಯವಂತ ಕಣ್ಣಿನದೂ ಇಟ್ಟರೆ ಮೇಷ್ಟ್ರಿಗೆ ವಿವರಿಸಬೇಕಾಗಿಲ್ಲ. ಪಾದ, ಕಣ್ಣು, ಮೂತ್ರದಲ್ಲಿ ಪ್ರೋಟೀನ್, ಕ್ರಿಯಾಟಿನಿನ್ ಅನ್ನುವ ಕಿಡ್ನಿಯ ರಕ್ತ ಪರೀಕ್ಷೆ, ಇಷ್ಟನ್ನು ಈ ತಿಂಗಳೇ ಮಾಡಿಸಿ. ಫಲಿತಾಂಶ ಚೆನ್ನಾಗಿ ಬರಲೂಬಹುದು. ಬಂದರೆ ಅದನ್ನೂ ಇದ್ದ ಹಾಗೇ ಹೇಳಿ, ಹೆದರಿಸಲು ಹಿಗ್ಗಿಸಬೇಡಿ.

ಎರಡನೆಯದು ಗ್ಲುಕೋಮೀಟರ್. ತಂದುಕೊಟ್ಟು, ಅವರ ಕೈಯಲ್ಲೇ ಬಿಡಿ. ಪ್ರಯೋಗ ಅವರದೇ ಆಗಲಿ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು, ಊಟ ಶುರು ಮಾಡಿದ ಎರಡು ಗಂಟೆಗೆ ಒಂದು. ನೋಟ್‌ಬುಕ್ಕಿನಲ್ಲಿ ಬರೆಯಲಿ, ಏನು ತಿಂದರು ಅನ್ನುವುದನ್ನೂ ಬರೆಯಲಿ. ಸಾಮಾನ್ಯವಾಗಿ ಖಾಲಿ ಹೊಟ್ಟೆಯಲ್ಲಿ 80ರಿಂದ 130, ಊಟದ ನಂತರ 180ರ ಒಳಗೆ ಇರಬೇಕು ಅಂತ ಗುರಿ ಇಡುತ್ತೇವೆ. ಮೊದಲೇ ಒಂದು ಒಪ್ಪಂದ ಮಾಡಿಕೊಳ್ಳಿ: ಎರಡು ವಾರ ಹೀಗೆ ನೋಡೋಣ, ಗುರಿಯೊಳಗೆ ಬರದಿದ್ದರೆ ಮಾತ್ರೆ ಮತ್ತೆ ಶುರು. ಮೂರು ತಿಂಗಳ ಗಡುವು ಕೊಡಬೇಡಿ, 9.8ಕ್ಕೆ ಅದು ಜಾಸ್ತಿಯಾಯಿತು. ಇದರ ಅಪಾಯ ಏನಂದರೆ, ಒಂದು ದಿನ 140 ಬಂದರೆ ಅದನ್ನೇ ಹಿಡಿದುಕೊಂಡು ಪುಡಿ ಗೆದ್ದಿತು ಅನ್ನಬಹುದು. ಅದಕ್ಕೇ ಒಂದು ಅಂಕಿಯನ್ನಲ್ಲ, ಎರಡು ವಾರದ ಪುಟವನ್ನು ನೋಡುತ್ತೇವೆ ಅಂತ ಮೊದಲೇ ಒಪ್ಪಿರಬೇಕು. ಅಂಕಿ ಮೂರ್ನಾಲ್ಕು ದಿನದಲ್ಲಿ ದಿಢೀರ್ ಅಂತ ಬಿದ್ದರೆ ಖುಷಿಪಡಬೇಡಿ, ಪುಡಿಯಲ್ಲಿ ಮಾತ್ರೆ ಬೆರೆಸಿರುವ ಅನುಮಾನ ಬರಬೇಕು.

ಮೂರನೆಯದು, ಪುಡಿ ಬಿಡುವುದಿಲ್ಲ ಅಂತ ಹಟ ಹಿಡಿದರೆ? ಮಾತ್ರೆಯೂ ಇರಲಿ, ಪುಡಿಯೂ ಇರಲಿ ಅನ್ನುವ ಮಧ್ಯದ ದಾರಿಗೆ ನಾನು ಕೆಲವು ಸಲ ಒಪ್ಪಿದ್ದೇನೆ, ಮನಸ್ಸಿಲ್ಲದಿದ್ದರೂ. ಪೂರ್ತಿ ಕೈತಪ್ಪುವುದಕ್ಕಿಂತ ಅದು ವಾಸಿ. ಆದರೆ ಆಗ ಮೆಟ್‌ಫಾರ್ಮಿನ್‌ನಿಂದ ಮಾತ್ರ ಶುರು ಮಾಡುತ್ತೇವೆ. ಅದೊಂದೇ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸುವುದು ಅಪರೂಪ. ಗ್ಲಿಮೆಪಿರೈಡ್ ಮುಟ್ಟುವುದಿಲ್ಲ. ಒಂದು ತಿಂಗಳಿಗೆ ಲಿವರ್, ಕಿಡ್ನಿ ಪರೀಕ್ಷೆ. ಮಂಡಿನೋವಿಗೆ ಅಂತ ಬೇರೆ ಪುಡಿ ತಿನ್ನುತ್ತಿದ್ದಾರಾ ಅದನ್ನೂ ಕೇಳಿ, ಕೆಲವರು ಅದಕ್ಕೆ ಸ್ಟೀರಾಯ್ಡ್ ಬೆರೆಸುತ್ತಾರೆ, ಅದರಿಂದ ಸಕ್ಕರೆ ಏರುತ್ತದೆ. ಡೋಸ್ ಎಲ್ಲ ನಿಮ್ಮ ಡಾಕ್ಟರೇ ಹೇಳಬೇಕು, ಹಳೇ ಚೀಟಿ ನೋಡಿ ನೀವೇ ಶುರು ಮಾಡಿಸಬೇಡಿ. ಹೊಟ್ಟೆ ಕೆಡುತ್ತಿದ್ದರೆ ನಿಧಾನವಾಗಿ ಬಿಡುಗಡೆಯಾಗುವ ಮೆಟ್‌ಫಾರ್ಮಿನ್ ಇದೆ, ಅದನ್ನು ಕೇಳಿ. ಎಷ್ಟೋ ಜನ ಮಾತ್ರೆ ಬಿಡುವುದು ಇದಕ್ಕೇ, ಹೇಳಲು ನಾಚಿಕೆ ಅಂತ ಕಿಡ್ನಿ ಕಥೆ ಹೇಳುತ್ತಾರೆ.

ನಾಲ್ಕನೆಯದು ನನಗೆ ಎಲ್ಲಕ್ಕಿಂತ ಮುಖ್ಯ. ಹೇಳುವವರನ್ನು ಬದಲಾಯಿಸಿ. ಮಗಳ ಮಾತನ್ನು ಅಪ್ಪಂದಿರು ಕೇಳುವುದು ಕಡಿಮೆ, ಅದೂ ಬೆಂಗಳೂರಿನಿಂದ ಫೋನಿನಲ್ಲಿ. ಪೋಲಿಯೊ ಹನಿಯ ಕಥೆ ನೆನಪಿಸಿಕೊಳ್ಳಿ. ತುರ್ತುಪರಿಸ್ಥಿತಿಯಲ್ಲಿ ಒತ್ತಾಯದ ಸಂತಾನಹರಣ ಶಸ್ತ್ರಚಿಕಿತ್ಸೆ ಕಂಡ ಉತ್ತರಪ್ರದೇಶದ ಹಳ್ಳಿಗಳಲ್ಲಿ, ಸರ್ಕಾರ ಮನೆಬಾಗಿಲಿಗೆ ಬಂದು ಪುಕ್ಕಟೆ ಕೊಡುವ ಹನಿ ಮಕ್ಕಳಾಗದಂತೆ ಮಾಡಲಿಕ್ಕೇ ಅಂತ ಜನ ಬಾಗಿಲು ಹಾಕಿಕೊಂಡರು. ಕರಪತ್ರ ಹಂಚಿ ಬಾಗಿಲು ತೆರೆಯಲಿಲ್ಲ. ಅದೇ ಊರಿನ ಹೆಂಗಸರು, ಮಸೀದಿಯ ಇಮಾಮರು, ಪಕ್ಕದ ಬೀದಿಯ ವೈದ್ಯರು ಜೊತೆಗೆ ಬಂದ ಮೇಲೆ ತೆರೆಯಿತು. ದೇಶದ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಹೌರಾದಲ್ಲಿ ಸಿಕ್ಕಿತು, 2014ರಲ್ಲಿ ಪೋಲಿಯೊ ಮುಕ್ತ ಅಂತ ಪ್ರಮಾಣಪತ್ರವೂ ಬಂತು.

ನಿಮ್ಮ ಅಪ್ಪನಿಗೆ ಅಂಥವರು ಯಾರು? ಜೊತೆಗೆ ಪಾಠ ಮಾಡಿದ, ಸಕ್ಕರೆ ಹಿಡಿತದಲ್ಲಿಟ್ಟುಕೊಂಡಿರುವ ಇನ್ನೊಬ್ಬ ಮೇಷ್ಟ್ರು ಇರಬಹುದು. ಅವರ ಶಿಷ್ಯರಲ್ಲೇ ಒಬ್ಬರು ಡಾಕ್ಟರ್ ಆಗಿರಬಹುದು. ಹಾಗಿದ್ದರೆ ಅವರಿಗಿಂತ ಒಳ್ಳೆಯವರು ಯಾರೂ ಇಲ್ಲ, ತಾನು ಕಲಿಸಿದ ಹುಡುಗ ಸುಳ್ಳು ಹೇಳಲಾರ ಅಂತ ಮೇಷ್ಟ್ರಿಗೆ ಗೊತ್ತಿರುತ್ತದೆ. ನಾಟಿ ವೈದ್ಯರನ್ನೂ ದೂರ ಇಡಬೇಡಿ. ಅವರಲ್ಲಿ ಪ್ರಾಮಾಣಿಕರು ಇದ್ದಾರೆ, "ಇದು ನನ್ನ ಕೈಲಿ ಆಗೋದಲ್ಲ, ಆಸ್ಪತ್ರೆಗೆ ಹೋಗಿ" ಅಂತ ನನ್ನ ಹತ್ತಿರವೇ ರೋಗಿಗಳನ್ನು ಕಳಿಸಿದವರಿದ್ದಾರೆ. ಒಮ್ಮೆ ಅಪ್ಪನ ಜೊತೆ ಹೋಗಿ, 9.8ರ ಚೀಟಿ ತೋರಿಸಿ, ಮಾತ್ರೆ ಬಿಡಿಸಿದ್ದು ನೀವೇನಾ ಅಂತ ಮರ್ಯಾದೆಯಿಂದ ಕೇಳಿ. ಎಷ್ಟೋ ಸಲ ಅವರು ಬಿಡಿ ಅಂತ ಹೇಳಿರುವುದೇ ಇಲ್ಲ.

ಹೊಸ ಡಾಕ್ಟರ ಹತ್ತಿರ ಹೋಗುವುದಾದರೆ ಸೋಮವಾರ ಬೆಳಿಗ್ಗೆಯ ನೂಕುನುಗ್ಗಲಿನಲ್ಲಿ ಬೇಡ. ಮೊದಲೇ ಹೇಳಿ ಹೆಚ್ಚು ಹೊತ್ತು ಕೇಳಿಕೊಳ್ಳಿ. ದೊಡ್ಡಪ್ಪನ ವಿಷಯವನ್ನು ಅಪ್ಪನೇ ಎತ್ತಲಿ, ಡಾಕ್ಟರು ಕೇಳಿಸಿಕೊಳ್ಳಲಿ. ದೊಡ್ಡಪ್ಪನ ಡಿಸ್ಚಾರ್ಜ್ ಕಾಗದಗಳು ಮನೆಯಲ್ಲಿದ್ದರೆ ತೆಗೆದುಕೊಂಡು ಹೋಗಿ, ಏನಾಗಿತ್ತು ಅಂತ ಈಗಲಾದರೂ ಯಾರಾದರೂ ಓದಿ ಹೇಳಲಿ. ಆ ಹಳೇ ಗಾಯಕ್ಕೂ ಈ ಸಕ್ಕರೆಗೂ ಸಂಬಂಧ ಇದೆ ಅಂತ ನಾನು ನಿಜವಾಗಿ ನಂಬುತ್ತೇನೆ.

ಇಷ್ಟೆಲ್ಲ ಮಾತುಕತೆಗೆ ಕಾಯಬಾರದ ಕೆಲವು ಲಕ್ಷಣಗಳಿವೆ. ವಿಪರೀತ ಬಾಯಾರಿಕೆ, ತೂಕ ಬೇಗ ಇಳಿಯುವುದು, ವಾಂತಿ, ಮಂಪರು, ಏದುಸಿರು, ಕಣ್ಣು ದಿಢೀರ್ ಮಂಜಾಗುವುದು, ಪಾದದಲ್ಲಿ ಎಷ್ಟೇ ಸಣ್ಣದಾದರೂ ಗಾಯ, ಮೀಟರಿನಲ್ಲಿ ಮತ್ತೆ ಮತ್ತೆ 300 ದಾಟುವುದು ಅಥವಾ 70ಕ್ಕಿಂತ ಕೆಳಗೆ ಬರುವುದು. ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಆಸ್ಪತ್ರೆ. 70ಕ್ಕಿಂತ ಕೆಳಗೆ ಬಂದು ಎಚ್ಚರ ಇದ್ದರೆ ಮೊದಲು ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕೊಟ್ಟು ಆಮೇಲೆ ಹೊರಡಿ. ಎಚ್ಚರ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ. ಅಮ್ಮನಿಗೂ ಇದನ್ನು ಹೇಳಿಕೊಡಿ, ಮನೆಯಲ್ಲಿ ಇರುವವರು ಅವರು.

ಅಪ್ಪನನ್ನು ಪರೀಕ್ಷೆಗೆ ಕರೆದುಕೊಂಡು ಹೋದ ದಿನ ನಿಮ್ಮದೂ ಅಮ್ಮನದೂ ಸಕ್ಕರೆ ನೋಡಿಸಿ. ತಂದೆಗೆ ಇದ್ದರೆ ನಿಮಗೂ ಬರುವ ಸಾಧ್ಯತೆ ಜಾಸ್ತಿ, ಸರ್ಕಾರಿ ತಪಾಸಣೆ 30 ವರ್ಷದಿಂದಲೇ ಶುರುವಾಗುತ್ತದೆ, ತಾಲ್ಲೂಕು ಆಸ್ಪತ್ರೆಯಲ್ಲಿ ಬಿಪಿ, ಸಕ್ಕರೆಯಂಥ ಕಾಯಿಲೆಗಳನ್ನು ನೋಡುವ ಎನ್‌ಸಿಡಿ ಕ್ಲಿನಿಕ್ಕಿನಲ್ಲಿ ದುಡ್ಡು ಕೊಡಬೇಕಾಗಿಲ್ಲ. ಮೂವರೂ ಒಂದೇ ಬೆಂಚಿನ ಮೇಲೆ ಕೂತು ಬೆರಳು ಚುಚ್ಚಿಸಿಕೊಂಡರೆ ಅಪ್ಪನಿಗೆ ತನ್ನೊಬ್ಬನನ್ನೇ ಹಿಡಿದು ತಂದರು ಅಂತ ಅನ್ನಿಸುವುದಿಲ್ಲ.